ಸೀಲ್ ತಪ್ಪಲ್ಲ, ಹೌಸಿಂಗ್‌ಗೆ ಉಸಿರು ಕಟ್ಟಿತ್ತು

ಕೋಲಾರ ಮಂಡಿಯಲ್ಲಿ ಟೊಮೆಟೊ ತುಂಬಿಕೊಂಡು ಮೊಗಿಲಿ ಘಾಟ್ ಇಳಿಯೋದು ನನ್ನ ಮಾಮೂಲಿ ಬಾಡಿಗೆ. ಕ್ರೇಟ್‌ಗೆ 15 ಕೆಜಿ. ನೂರು ಹಾಕಿದರೆ ಒಂದೂವರೆ ಟನ್, ನನ್ನ ಪಿಕಪ್ ಹೊರುವುದು ಅಷ್ಟೇ. ನಾನು 120 ಹಾಕುತ್ತಿದ್ದೆ.

ಹೋದ ಮಳೆಗಾಲದಲ್ಲಿ ಹಿಂದಿನ ಎಡ ಚಕ್ರದ ಒಳಗಡೆ ಎಣ್ಣೆ ಇಳಿದಿತ್ತು. ಬ್ರೇಕ್ ಡ್ರಮ್ ಬಿಚ್ಚಿದರೆ ಲೈನರ್ ಪೂರ್ತಿ ಒದ್ದೆ. ಬೆರಳಿಗೆ ಹಚ್ಚಿ ಮೂಸಿದೆ. ಗಂಧಕದ ಕೆಟ್ಟ ವಾಸನೆ. ಅಂದರೆ ಬ್ರೇಕ್ ಆಯಿಲ್ ಅಲ್ಲ, ಗೇರ್ ಆಯಿಲ್. ಎಣ್ಣೆ ಚಕ್ರಕ್ಕೆ ಬರದಂತೆ ತಡೆಯುವ ಆಕ್ಸಲ್ ಸೀಲು, ಲೈನರು ಎರಡೂ ಬದಲಾಯಿಸಿದೆ. ಇಪ್ಪತ್ತು ದಿನಕ್ಕೆ ಮತ್ತೆ ಅದೇ ಕಥೆ. ಇನ್ನೊಂದು ಸೀಲ್ ಹಾಕಿದೆ. ಆಮೇಲೆ ಬಲಗಡೆಯೂ ಸೋರತೊಡಗಿತು.

ಕೊನೆಗೆ ಹಳೇ ಮೇಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಚಕ್ರದ ಕಡೆ ನೋಡಲೇ ಇಲ್ಲ. ಗಾಡಿ ಕೆಳಗೆ ತೂರಿ, ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್ಲು, ಗೇರು ಇರುವ ಕಬ್ಬಿಣದ ಕವಚ, ಅದರ ಮೇಲೆ ಗಾಳಿ ಆಡಲು ಇರುವ ಬ್ರೀದರ್ ಒರೆಸಿದರು. ಹೆಬ್ಬೆರಳ ತುದಿಯಷ್ಟು ಮುಚ್ಚಳ, ಕೆಸರು ಸಿಮೆಂಟಿನಂತೆ ಗಟ್ಟಿಯಾಗಿತ್ತು. ಇನ್ನೂ ಬಿಸಿ ಇದ್ದಾಗಲೇ ಸಡಿಲಿಸಿದರು. ಉಸ್ಸ್ ಅಂತ ಗಾಳಿ ಬಂತು.

"ನೋಡಪ್ಪಾ, ಒಳಗಿನ ಗಾಳಿ ಕಾದು ಉಬ್ಬುತ್ತೆ. ಮೇಲೆ ದಾರಿ ಇಲ್ಲ ಅಂದ್ರೆ ಸೀಲ್ ಸಂದಿಯಿಂದ ಎಣ್ಣೆ ತಳ್ಳುತ್ತೆ. ನೀನು ಎಷ್ಟು ಸೀಲ್ ಹಾಕಿದ್ರೂ ಅಷ್ಟೇ."

ಅಷ್ಟರಲ್ಲಿ ಎಣ್ಣೆ ಕಮ್ಮಿಯಾಗಿ ಇನ್ನೊಂದು ಅನಾಹುತ ಆಗಿತ್ತು. ಐವತ್ತರ ಸ್ಪೀಡಿನಲ್ಲಿ ಹಿಂದಿನಿಂದ ಕುಂಯ್ ಅನ್ನುವ ಸದ್ದು. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತಿತ್ತು. ಚಕ್ರದ ಬೇರಿಂಗ್ ಆಗಿದ್ದರೆ ಕಾಲು ಎತ್ತಿದರೂ ಗುಂಯ್‌ಗುಡುತ್ತದೆ, ತಿರುವಿನಲ್ಲಿ ಸದ್ದು ಬದಲಾಗುತ್ತದೆ. ಇದು ಪಿನಿಯನ್ ಕಡೆಯದೇ, ಅಂದರೆ ಹೌಸಿಂಗ್ ಒಳಗಿನ ಚಿಕ್ಕ ಗೇರಿನದು.

ಎಣ್ಣೆ ಇಳಿಸುವ ಮುಂಚೆ ತುಂಬುವ ಬೋಲ್ಟ್ ಬಿಚ್ಚಿಸಿದರು. ಮೊದಲು ಕೆಳಗಿನದನ್ನು ತೆಗೆದು, ಆಮೇಲೆ ಮೇಲಿನದು ಬರದೇ ಹೋದರೆ ಗಾಡಿ ಅಲ್ಲೇ, ಅಲ್ವಾ? ಎಣ್ಣೆಯಲ್ಲಿ ಬೆಳ್ಳಿ ಬಣ್ಣದ ನುಣ್ಣನೆ ಪುಡಿ ಇತ್ತು. ಅದು ಸ್ವಲ್ಪ ಇದ್ದರೆ ಮಾಮೂಲಿಯಂತೆ. ಅದರ ನಡುವೆ ಅಕ್ಕಿಕಾಳಿನಷ್ಟು ಒಂದು ಚೂರು ಸಿಕ್ಕಿತು. ನನ್ನ ಎದೆ ಧಸಕ್ ಎಂದಿತು.

ಹಳೇ ಕ್ರೌನ್‌ಗೆ, ಅಂದರೆ ಪಿನಿಯನ್ ತಿರುಗಿಸುವ ದೊಡ್ಡ ಗೇರಿಗೆ, ಹೊಸ ಪಿನಿಯನ್ ಮಾತ್ರ ಹಾಕಿಸೋಣ, ಕಾಸು ಉಳಿಯುತ್ತೆ ಅಂದೆ. ಮೇಸ್ತ್ರಿ ನಕ್ಕರು. ಅವೆರಡನ್ನೂ ಜೋಡಿಯಾಗಿಯೇ ಉಜ್ಜಿ ಹೊಂದಿಸಿರುತ್ತಾರೆ, ಬೇರೆ ಮಾಡಿದರೆ ಸದ್ದು ಹೋಗಲ್ಲ ಅಂದರು. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬರುವವರೆಗೆ ಶಿಮ್, ಅಂದರೆ ಸಂದಿಗೆ ಇಡುವ ತೆಳು ತಗಡು, ಬದಲಾಯಿಸಿದರು. ಒಂದಿಡೀ ದಿನ ಅದಕ್ಕೇ ಹೋಯಿತು.

ಈಗ ಗ್ರೀಸ್ ಹೊಡೆಸುವಾಗೆಲ್ಲ ಬ್ರೀದರ್ ಮುಚ್ಚಳವನ್ನು ಬೆರಳಲ್ಲೇ ತಿರುಗಿಸಿ ನೋಡುತ್ತೇನೆ. ಕ್ರೇಟ್ ಮಾತ್ರ, ಸುಳ್ಯಾಕೆ ಹೇಳಲಿ, ಒಮ್ಮೊಮ್ಮೆ 105 ಆಗಿಬಿಡುತ್ತದೆ.