ಹಾರ್ಮೋನ್ ಹಾಕದೆಯೇ ಬೆಳಗಿದ ಕಂಟ್ರೋಲ್

ಈಸ್ಟ್ರೋಜನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್, ಅಂದರೆ ಈಸ್ಟ್ರೋಜನ್ ರಿಸೆಪ್ಟರ್, ಒಂದು ಜೀನನ್ನು ಚಾಲೂ ಮಾಡುವುದನ್ನು ಕಣ್ಣಾರೆ ನೋಡಬೇಕೆಂದು ಪಿಎಚ್‌ಡಿಯ ಮೊದಲ ವರ್ಷವೇ ಲೂಸಿಫರೇಸ್ ಪ್ರಯೋಗಕ್ಕೆ ಕೈಹಾಕಿದೆ. ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳಿದ್ದವು. 1970ರಲ್ಲಿ ಅಮೆರಿಕದ ಒಬ್ಬ ಸನ್ಯಾಸಿನಿಯ ದೇಹದಿಂದ ತೆಗೆದವು, ಇವತ್ತಿಗೂ ಬೆಳೆಯುತ್ತಲೇ ಇವೆ. ಅವುಗಳೊಳಗೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರ ಸೇರಿಸಿದೆ: ರಿಸೆಪ್ಟರ್ ಬಂದು ಕೂರುವ ಡಿಎನ್‌ಎ ತುಣುಕು, ಅದರ ಬೆನ್ನಿಗೆ ಬೆಳಕು ಹೊಮ್ಮಿಸುವ ಮಿಂಚುಹುಳುವಿನ ಲೂಸಿಫರೇಸ್ ಜೀನ್. ಜೀನ್ ಓಡಿದಷ್ಟೂ ಬೆಳಕು. ಆ ತುಣುಕೇ ಸೊಗಸು. ಜಿಜಿಟಿಸಿಎ, ನಡುವೆ ಯಾವುದಾದರೂ ಮೂರಕ್ಷರ, ಆಮೇಲೆ ಟಿಜಿಎಸಿಸಿ. ಎದುರು ಎಳೆಯನ್ನು ಅದರ ದಿಕ್ಕಿನಲ್ಲಿ ಓದಿದರೂ ಅದೇ ಸಾಲು. ರಿಸೆಪ್ಟರ್‌ಗಳು ಜೋಡಿಯಾಗಿ ಬಂದು ಆಚೆಗೊಂದು ಈಚೆಗೊಂದು ಹಿಡಿದುಕೊಳ್ಳುತ್ತವೆ.

ಎಸ್ಟ್ರಾಡಿಯಾಲ್ ಎಂಬ ಈಸ್ಟ್ರೋಜನ್ ಹಾಕಿದ ವೆಲ್‌ಗಳು (ಪ್ಲೇಟಿನ ಗುಳಿಗಳು) ಬೆಳಗಬೇಕು, ಅದನ್ನು ಕರಗಿಸುವ ಎಥನಾಲ್ ಮಾತ್ರ ಹಾಕಿದ ಕಂಟ್ರೋಲ್ ಮಂಕಾಗಿರಬೇಕು. ಬೆಳಕು ಅಳೆಯುವ ರೀಡರ್ ನೋಡಿದರೆ ಎಲ್ಲವೂ ಬೆಳಗುತ್ತಿವೆ! ವ್ಯತ್ಯಾಸ ಒಂದೂವರೆ ಪಟ್ಟೂ ಇಲ್ಲ. ಪ್ಲಾಸ್ಮಿಡ್ ಮತ್ತೆ ತಯಾರಿಸಿದೆ, ಹಾರ್ಮೋನ್ ಹೊಸದಾಗಿ ಕರಗಿಸಿದೆ. ಎರಡು ತಿಂಗಳು ನೀರಿನಲ್ಲಿ ಹೋಮ.

ಕಳ್ಳ ಇದ್ದದ್ದು ಬಾಟಲಿಯಲ್ಲಿ. ಕೋಶಗಳು ಬೆಳೆಯುವ ದ್ರವವಾದ ಮೀಡಿಯಂಗೆ ಕೆಂಪು ಬಣ್ಣ ಕೊಡುವ ಫೀನಾಲ್ ರೆಡ್ ದುರ್ಬಲ ಈಸ್ಟ್ರೋಜನ್‌ನಂತೆ ವರ್ತಿಸುತ್ತದೆಂದು 1986ರಲ್ಲೇ ಪ್ರಕಟವಾಗಿತ್ತು; ಬಣ್ಣದೊಳಗಿನ ಕಲ್ಮಶವೇ ಕಾರಣವೆಂದು ಆಮೇಲೆ ತಿಳಿದುಬಂತು. ಸಾಲದ್ದಕ್ಕೆ ಮೀಡಿಯಂಗೆ ಬೆರೆಸುವ ದನದ ಸೀರಮ್‌ನಲ್ಲಿ (ರಕ್ತದ ತಿಳಿಭಾಗ) ಅದರದೇ ಸ್ಟೀರಾಯ್ಡ್ ಹಾರ್ಮೋನ್‌ಗಳು. ಒಂದು ನ್ಯಾನೋಮೋಲಾರ್‌ಗಿಂತ (ಲೀಟರಿಗೆ ಒಂದು ಮೋಲ್‌ನ ನೂರು ಕೋಟಿಯಲ್ಲೊಂದು ಪಾಲು) ಕಡಿಮೆ ಹಾರ್ಮೋನ್‌ಗೂ ಓಗೊಡುವ ರಿಸೆಪ್ಟರ್‌ಗೆ ಇಷ್ಟು ಧಾರಾಳವಾಯಿತು.

ಬಣ್ಣವಿಲ್ಲದ ಮೀಡಿಯಂ, ಡೆಕ್ಸ್‌ಟ್ರಾನ್ ಲೇಪಿಸಿದ ಇದ್ದಿಲಿನಿಂದ ಹಾರ್ಮೋನ್ ಹೀರಿ ಶುದ್ಧಮಾಡಿದ ಸೀರಮ್, ಮೂರು ದಿನ ಹಾರ್ಮೋನ್ ಉಪವಾಸ. ಆಮೇಲೆ 10 ನ್ಯಾನೋಮೋಲಾರ್ ಎಸ್ಟ್ರಾಡಿಯಾಲ್. ಮರುದಿನ ಕಂಟ್ರೋಲ್ ತಣ್ಣಗಿತ್ತು, ಪಕ್ಕದ ವೆಲ್‌ಗಳು ಝಗ್ಗೆಂದವು.

ಸ್ತನ ಕ್ಯಾನ್ಸರ್ ಔಷಧಿ ಟ್ಯಾಮಾಕ್ಸಿಫೆನ್‌ನ ಸಕ್ರಿಯ ರೂಪವನ್ನೂ ಜೊತೆಗೆ ಹಾಕಿದಾಗ ಬೆಳಕು ಇಳಿಯಿತು. ನನಗೆ ಇಷ್ಟವಾದ ಭಾಗ ಇದೇ. ಟ್ಯಾಮಾಕ್ಸಿಫೆನ್ ಕೂತರೂ ರಿಸೆಪ್ಟರ್ ಡಿಎನ್‌ಎಯನ್ನು ಹಿಡಿಯುತ್ತದೆ; ಹಿಡಿದ ಮಾತ್ರಕ್ಕೆ ಜೀನ್ ಓಡುವುದಿಲ್ಲ. ಎಸ್ಟ್ರಾಡಿಯಾಲ್ ಕೂತಾಗ ರಿಸೆಪ್ಟರ್‌ನ ಹನ್ನೆರಡನೇ ಹೆಲಿಕ್ಸ್ (ಸುರುಳಿಯಾಕಾರದ ಭಾಗ) ಮುಚ್ಚಳದಂತೆ ಮಡಚಿ, ಸಹಾಯಕ ಪ್ರೋಟೀನ್‌ಗಳಿಗೆ ಒಂದು ತೋಡು ಸಜ್ಜಾಗುತ್ತದೆ. ಅವು ಬಂದು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳಿಗೆ ಅಸಿಟೈಲ್ ಗುಂಪು ಅಂಟಿಸಿ ಡಿಎನ್‌ಎ ಸುರುಳಿ ಸಡಿಲಿಸಿದ ಮೇಲೆ ನಕಲು ಕೆಲಸ ಜೋರಾಗುತ್ತದೆ. ಟ್ಯಾಮಾಕ್ಸಿಫೆನ್‌ನ ಉದ್ದನೆಯ ಬಾಲ ಆ ಹೆಲಿಕ್ಸನ್ನು ಪಕ್ಕಕ್ಕೆ ತಳ್ಳುತ್ತದೆ, ಅದು ಹೋಗಿ ಅದೇ ತೋಡಿನಲ್ಲಿ ಬೀಳುತ್ತದೆ. ಬಂದ ನೆಂಟರಿಗೆ ಕೂರಲು ಜಾಗವಿಲ್ಲ.

ಒಂದು ತೊಂದರೆ ಮಾತ್ರ ಉಳಿದಿದೆ. ಬ್ಯಾಕ್ಟೀರಿಯಾ ಹತ್ತಿದರೆ ಕೆಂಪು ಮೀಡಿಯಂ ಹಳದಿಗೆ ತಿರುಗಿ ಎಚ್ಚರಿಸುತ್ತಿತ್ತು. ಈಗ ಆ ಸೂಚನೆಯಿಲ್ಲ. ದಿನಾ ಬೆಳಿಗ್ಗೆ ಪ್ಲೇಟನ್ನು ದೀಪಕ್ಕೆ ಹಿಡಿದು ಕಲಕಾಗಿದೆಯೇ ಎಂದು ನೋಡುತ್ತೇನೆ.