ತೋಡಿನ ಬಾಯಿಯನ್ನು ಇಳಿತದಲ್ಲಿ ನೋಡಬೇಕು

ಮಂಗಳೂರಿನಲ್ಲಿ ನೇತ್ರಾವತಿಗೆ ಸೇರುವ ಮಳೆನೀರಿನ ತೋಡೊಂದರ ನಿರ್ವಹಣೆ ನನ್ನ ಪಾಲಿಗೆ ಬಂದಾಗ, ಬೇಸಿಗೆಯಲ್ಲಿ ಅದರ ಉದ್ದಕ್ಕೂ ನಡೆದು ಹೂಳೆತ್ತಿಸಿದೆ. ಹೊಳೆಗೆ ಸೇರುವ ಬಾಯಿಯನ್ನು ಮಾತ್ರ ದಡದ ಮೇಲಿಂದ ನೋಡಿ ಬಂದೆ. ಆಗ ಉಬ್ಬರದ ಹೊತ್ತು, ಬಾಯಿ ನೀರಿನೊಳಗಿತ್ತು.

ಮೇ ಕೊನೆಯಲ್ಲಿ, ಅಮಾವಾಸ್ಯೆಯ ಮರುದಿನ, ಜೋರು ಮಳೆ ಬಂತು. ಮಳೆ ನಿಂತು ಗಂಟೆ ಕಳೆದರೂ ತಗ್ಗಿನ ಮನೆಗಳ ಅಂಗಳದಲ್ಲಿ ನೀರು ಏರುತ್ತಲೇ ಇತ್ತು. ನಾವು ಮೇಲಿನ ಮೋರಿಗಳಲ್ಲಿ ಕಸ ಹುಡುಕುತ್ತಿದ್ದೆವು. ಅಜ್ಜಿಯೊಬ್ಬರು ಅಂಗಳದಲ್ಲಿ ಓಡಾಡುತ್ತಿದ್ದ ಮೀನುಮರಿಗಳನ್ನು ತೋರಿಸಿ, “ಇದು ಮಳೆಯ ನೀರಲ್ಲ, ಹೊಳೆಯದ್ದು” ಎಂದರು.

ಇಳಿತ ಬಂದ ಮೇಲೆ ಕೆಳಗಿಳಿದು ನೋಡಿದೆ. ತೋಡಿನ ಬಾಯಿಗೆ ಕಬ್ಬಿಣದ ಬಾಗಿಲೊಂದು ಮೇಲಂಚಿನ ಕೀಲಿನಿಂದ ತೂಗುತ್ತದೆ. ಒಳಗಿನ ನೀರು ಒತ್ತಿದರೆ ತೆರೆದುಕೊಳ್ಳುತ್ತದೆ, ಹೊಳೆ ಏರಿದರೆ ಹೊರಗಿನ ಒತ್ತಡಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದರ ಅಡಿಯಲ್ಲಿ ತೆಂಗಿನ ಕೊತ್ತಳಿಗೆಯೊಂದು ಸಿಕ್ಕಿಕೊಂಡಿತ್ತು. ಕೀಲಿನ ಮೇಲೆ ಚಿಪ್ಪುಗಳು ಕಲ್ಲಿನಂತೆ ಕೂತಿದ್ದವು. ಮುಚ್ಚಲಾರದ ಆ ಸಂದಿನಿಂದ ಹೊಳೆಯೇ ಊರೊಳಗೆ ಬಂದಿತ್ತು.

ಅಂದಿನಿಂದ ಉಬ್ಬರ-ಇಳಿತದ ಪಟ್ಟಿ ನನ್ನ ಜೇಬಿನಲ್ಲಿದೆ. ಇಳಿತ ದಿನಕ್ಕೆರಡು ಬಾರಿ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಹೊಳೆ ಹೆಚ್ಚು ಇಳಿಯುವುದರಿಂದ ತಪಾಸಣೆಯನ್ನು ಆಗಲೇ ಇಟ್ಟುಕೊಳ್ಳುತ್ತೇನೆ. ಚಿಪ್ಪು ಕೆರೆಸಿ, ಕೀಲಿಗೆ ಗ್ರೀಸ್ ಹಚ್ಚಿಸಿ, ಬಾಗಿಲನ್ನು ಎತ್ತಿ ಬಿಡಿಸುತ್ತೇನೆ. ಅಂಚಿನ ರಬ್ಬರ್ ಸುತ್ತಲೂ ಕೂತಿತೇ ಎಂದು ಕೈಯಾಡಿಸಿ ನೋಡುತ್ತೇನೆ. ಬಾಯಿಯ ಮುಂದಿನ ಕಲ್ಲುಹಾಸು ಕುಸಿದಿದ್ದರೆ ಆಗಲೇ ಸರಿಪಡಿಸಬೇಕು, ಇಲ್ಲವಾದರೆ ರಭಸದ ನೀರು ಅಡಿಪಾಯದ ಮಣ್ಣನ್ನೇ ಕೊರೆಯುತ್ತದೆ.

ಬಾಗಿಲು ಮುಚ್ಚಿದ್ದಾಗ ಮಳೆ ಬಂದರೆ ಆ ನೀರು ತೋಡಿನಲ್ಲಿಯೇ ನಿಂತು ಕಾಯಬೇಕು. ಹಾಗಾಗಿ ಹೂಳು ತುಂಬಿದಷ್ಟೂ ಅದು ನಿಲ್ಲುವ ಜಾಗ ಕಡಿಮೆಯಾಗುತ್ತದೆ. ತೆಗೆದ ಹೂಳನ್ನು ದಡದಲ್ಲೇ ರಾಶಿ ಹಾಕಿ ಬಿಲ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಮಳೆಗೇ ಅದು ತೋಡಿಗೆ ಮರಳುತ್ತದೆ. ಲಾರಿಯಲ್ಲಿ ಹೊರಗೆ ಹೋದ ಹೂಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇನೆ. ಮುಚ್ಚಿದ ಭಾಗಗಳಿಗೆ ಮನುಷ್ಯರನ್ನು ಇಳಿಸುವುದಿಲ್ಲ. ಚರಂಡಿ ನೀರು ಬೆರೆತಲ್ಲಿ ವಿಷಾನಿಲ ಇರುತ್ತದೆ. ಅಲ್ಲಿ ಯಂತ್ರವೇ ಕೆಲಸ ಮಾಡಬೇಕು.

ಕಸ ತಡೆಯುವ ಸರಳುಗಳನ್ನು ಬಾಯಿಯ ಬಳಿಯಿಂದ ತೆಗೆಸಿ, ಟ್ರ್ಯಾಕ್ಟರ್ ನಿಲ್ಲುವಷ್ಟು ಜಾಗವಿರುವ ಮೇಲ್ಭಾಗದ ಸೇತುವೆಯ ಹತ್ತಿರ ಹಾಕಿಸಿದೆ. ಈಗ ಕೊತ್ತಳಿಗೆಗಳು ಅಲ್ಲೇ ಸಿಗುತ್ತವೆ, ಮಳೆ ಸುರಿಯುವಾಗಲೂ ರಸ್ತೆಯಲ್ಲಿ ನಿಂತೇ ಎಳೆದು ತೆಗೆಯಬಹುದು.