ಮನೆಯಲ್ಲಿ ಒಬ್ಬರನ್ನು ನೋಡಿಕೊಳ್ಳುತ್ತಿದ್ದೀರಾ? ಜಿಪಿ ಹತ್ತಿರ ಹೇಳಿಬಿಡಿ

ಇಂಗ್ಲೆಂಡ್‌ಗೆ ಬಂದ ತಕ್ಷಣ ಜಿಪಿ (ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೆಸರು ಬರೆಸಿ ಅಂತ ಎಲ್ಲರೂ ಹೇಳುತ್ತಾರೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದರೆ ಅದನ್ನೂ ಅಲ್ಲಿ ಬರೆಸಿ ಅಂತ ಹೇಳುವವರು ಕಡಿಮೆ. ಇಲ್ಲೇ ನೆಲೆಸಿರುವ ಅತ್ತೆಗೆ ಮರೆವು ಜಾಸ್ತಿಯಾಗಿರಬಹುದು, ಗಂಡನಿಗೆ ಸ್ಟ್ರೋಕ್ ಆಗಿರಬಹುದು, ಮಗುವಿಗೆ ಆಟಿಸಂ ಇರಬಹುದು. ಸ್ನಾನ, ಊಟ, ಮಾತ್ರೆ, ರಾತ್ರಿ ಎದ್ದು ನೋಡೋದು, ಎಲ್ಲ ನಿಮ್ಮ ತಲೆ ಮೇಲೆ. ನಮ್ಮವರನ್ನು ನಾವು ನೋಡಿಕೊಳ್ಳದೆ ಇನ್ಯಾರು ನೋಡಬೇಕು ಅಂತೀರಿ. ಸರಿ, ಒಪ್ಪಿದೆ. ಆದರೆ ನೀವು ಬಾಯಿ ಬಿಡದಿದ್ದರೆ ಡಾಕ್ಟರ ಕಣ್ಣಿಗೆ ನೀವು ಪೇಶೆಂಟ್ ಜೊತೆ ಬಂದವರು, ಅಷ್ಟೇ.

ರಿಸೆಪ್ಶನ್‌ನಲ್ಲಿ "ನಾನು ಕೇರರ್, ನನ್ನ ರೆಕಾರ್ಡ್‌ನಲ್ಲಿ ಹಾಕಿ" ಅನ್ನಿ. ಮನೆಯವರನ್ನು ಸಂಬಳವಿಲ್ಲದೆ ನೋಡಿಕೊಳ್ಳುವವರಿಗೆ ಇಲ್ಲಿ ಕೇರರ್ ಅಂತಾರೆ. ಸಾಮಾನ್ಯವಾಗಿ ಒಂದು ಫಾರಂ ಕೊಡುತ್ತಾರೆ. ನಿಮ್ಮಿಬ್ಬರ ಜಿಪಿ ಬೇರೆ ಬೇರೆ ಆದರೆ ಎರಡೂ ಕಡೆ ಹೇಳಿ. ವಯಸ್ಸಾದವರನ್ನೋ ಅಂಗವಿಕಲರನ್ನೋ ಮುಖ್ಯವಾಗಿ ನೋಡಿಕೊಳ್ಳುವವರು ನೀವೇ ಆಗಿದ್ದರೆ ಫ್ಲೂ ಲಸಿಕೆ ಪುಕ್ಕಟೆ. ಬೆನ್ನು ನೋವು, ಬಿಪಿ, ನಿದ್ದೆಗೇಡು ಅಂತ ಹೋದಾಗ ಡಾಕ್ಟರಿಗೆ ಹಿನ್ನೆಲೆ ಗೊತ್ತಿರುತ್ತದೆ. ಸೋಶಿಯಲ್ ಪ್ರಿಸ್ಕ್ರೈಬರ್ ಅಂತ ಒಬ್ಬರಿರುತ್ತಾರೆ, ಅವರನ್ನು ಕೇಳಿ ಪಡೆಯಿರಿ. ಮಾತ್ರೆ ಕೊಡುವವರಲ್ಲ, ಹತ್ತಿರದ ಕೇರರ್ಸ್ ಸೆಂಟರ್, ವಯಸ್ಸಾದವರ ಊಟದ ಕೂಟ ಇಂಥದ್ದಕ್ಕೆ ದಾರಿ ತೋರಿಸುವವರು.

ಭಾಷೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಾಕ್ಟರ ಮುಂದೆ ಅತ್ತೆ ಕೂತಿರುತ್ತಾರೆ, ಪಕ್ಕದಲ್ಲಿ ಮಗ. "ಏನೂ ಇಲ್ಲಪ್ಪ, ಚೆನ್ನಾಗಿದ್ದೀನಿ ಅಂತ ಹೇಳು" ಅಂತಾರೆ. ರಾತ್ರಿಯೆಲ್ಲ ಬಟ್ಟೆ ಒದ್ದೆಯಾಗೋದು, ಬಚ್ಚಲಲ್ಲಿ ಬಿದ್ದದ್ದು, ಇದನ್ನೆಲ್ಲ ಮಗನ ಬಾಯಲ್ಲಿ ಹೇಳಿಸೋಕೆ ಯಾವ ತಾಯಿಗೆ ಮನಸ್ಸು ಬರುತ್ತದೆ? ಅದಕ್ಕೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ದುಭಾಷಿ ಬೇಕು ಅನ್ನಿ. ಎನ್‌ಎಚ್‌ಎಸ್‌ನಲ್ಲಿ (ಸರ್ಕಾರಿ ಆರೋಗ್ಯ ಸೇವೆ) ಇದಕ್ಕೆ ನೀವು ದುಡ್ಡು ಕೊಡಬೇಕಿಲ್ಲ, ಎಷ್ಟೋ ಸಲ ಫೋನ್‌ನಲ್ಲೇ ಸಿಗುತ್ತಾರೆ. ಎಲ್ಲ ಮಾತಿಗೂ ಎರಡರಷ್ಟು ಹೊತ್ತು ಹಿಡಿಯುತ್ತದೆ, ಹಾಗಾಗಿ ಡಬಲ್ ಅಪಾಯಿಂಟ್‌ಮೆಂಟ್ ಕೇಳಿ. ಸ್ಕೂಲಿಗೆ ಹೋಗುವ ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಬೇಡಿ. ಸಂಘದಲ್ಲಿ ಗುಸುಗುಸು ಆಗುತ್ತೆ ಅನ್ನೋ ಭಯ ಇದ್ದರೆ (ಇದ್ದೇ ಇರುತ್ತೆ ಬಿಡಿ), ದುಭಾಷಿಗೂ ಗುಟ್ಟು ಕಾಪಾಡುವ ನಿಯಮ ಇದೆ.

ಅತ್ತೆಯ ಒಪ್ಪಿಗೆ ಇಲ್ಲದೆ ಅವರ ವಿಷಯ ಡಾಕ್ಟರ್ ನಿಮಗೆ ಹೇಳುವುದಿಲ್ಲ. ಆದರೆ ನೀವು ಹೇಳೋದನ್ನು ಕೇಳಿಸಿಕೊಳ್ಳೋಕೆ ಅಡ್ಡಿಯಿಲ್ಲ. ಅವರಿಗೆ ನೆನಪು ಚೆನ್ನಾಗಿರುವಾಗಲೇ ಬರವಣಿಗೆಯಲ್ಲಿ ಒಪ್ಪಿಗೆ ಕೊಡಿಸಿ. ಪ್ರಾಕ್ಸಿ ಆಕ್ಸೆಸ್ (ಅವರ ಪರವಾಗಿ ನೀವು ಆನ್‌ಲೈನ್‌ನಲ್ಲಿ ಜಿಪಿ ಸೇವೆ ಬಳಸುವ ಅನುಮತಿ) ಕೂಡ ಕೇಳಿ, ಮಾತ್ರೆ ಆರ್ಡರ್ ಮಾಡೋಕೆ ಓಡಾಟ ತಪ್ಪುತ್ತೆ.

ಇನ್ನು ವೀಸಾ. ಕೇರರ್‌ಗಳಿಗೆ ಸರ್ಕಾರ ಕೊಡುವ ಹಣ, ಅಂದರೆ ಕೇರರ್ಸ್ ಅಲೋಯನ್ಸ್‌ಗೆ ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳುತ್ತಿರಬೇಕು, ಬೇರೆ ಷರತ್ತುಗಳೂ ಇವೆ. ನಿಮ್ಮ ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" (ಪಟ್ಟಿಯಲ್ಲಿರುವ ಸರ್ಕಾರಿ ಸಹಾಯಧನ ಪಡೆಯುವಂತಿಲ್ಲ) ಅಂತ ಇದ್ದರೆ ಈ ಅಲೋಯನ್ಸ್‌ಗೆ ಕೈ ಹಾಕಬೇಡಿ. ಜಿಪಿ ಸೇವೆ ಆ ಪಟ್ಟಿಯಲ್ಲೇ ಇಲ್ಲ, ಕೇರರ್ ಅಂತ ಬರೆಸಿದರೆ ವೀಸಾಗೆ ಏನೂ ಆಗಲ್ಲ. ಊರಿಂದ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೂ ಜಿಪಿ ನೋಡಿದರೆ ಬಿಲ್ ಇಲ್ಲ, ಆಸ್ಪತ್ರೆಗೆ ಸೇರಿಸಿದರೆ ಮಾತ್ರ ದೊಡ್ಡ ಬಿಲ್ ಬರುತ್ತೆ. ಇನ್ಶೂರೆನ್ಸ್ ಮಾಡಿಸದೆ ಕರೆಸಬೇಡಿ.

2014ರ ಕೇರ್ ಆಕ್ಟ್ ಪ್ರಕಾರ ಕೌನ್ಸಿಲ್‌ನವರು (ಸ್ಥಳೀಯ ಆಡಳಿತ) ನಿಮ್ಮ ಪರಿಸ್ಥಿತಿಯನ್ನೂ ವಿಚಾರಿಸಬೇಕು, ಇದಕ್ಕೆ ಕೇರರ್ಸ್ ಅಸೆಸ್‌ಮೆಂಟ್ ಅಂತಾರೆ. ಜಿಪಿ ಕಳಿಸಲಿ ಅಂತ ಕಾಯಬೇಡಿ, ನೀವೇ ಫೋನ್ ಮಾಡಿ. ಕೆಲಸದಲ್ಲಿದ್ದರೆ 2024ರ ಏಪ್ರಿಲ್‌ನಿಂದ ಸೇರಿದ ಮೊದಲ ದಿನವೇ ವರ್ಷಕ್ಕೆ ಒಂದು ವಾರ ಕೇರರ್ಸ್ ಲೀವ್ ಕೇಳುವ ಹಕ್ಕಿದೆ, ಸಂಬಳ ಇಲ್ಲದ್ದು.

ರಿಸೆಪ್ಶನ್‌ನಲ್ಲಿ ತಲೆಬುಡ ಗೊತ್ತಾಗದೆ ಮುಖ ನೋಡಿದರೆ "ಇಲ್ಲಿ ಕೇರರ್ಸ್ ಲೀಡ್ ಯಾರು?" ಅಂತ ಕೇಳಿ. ಕೇರರ್‌ಗಳ ವಿಷಯ ನೋಡಿಕೊಳ್ಳುವ ಸಿಬ್ಬಂದಿ ಅಂತ ಅರ್ಥ, ತುಂಬಾ ಕಡೆ ಒಬ್ಬರಿರುತ್ತಾರೆ.